ಆರ್ಗಿರಿಸನ ಪಾಲಿನ ಗೋಧಿ

ನಮ್ಮಕ್ಕ ದೆಸ್ಪಿನಾ ಹಟ ಹಿಡಿದಳೆಂದರೆ ಮುಗಿಯಿತು, ಯಾರ ಮಾತೂ ನಡೆಯುವುದಿಲ್ಲ. ಮಗ ಆರ್ಗಿರಿಸ್ ಸತ್ತ ನಲವತ್ತನೆಯ ದಿನ, ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ ತಟ್ಟೆ ತುಂಬಿದಳು. ಸತ್ತವರ ಹೆಸರಿನಲ್ಲಿ ಅದನ್ನು ಚರ್ಚಿನಲ್ಲಿ ಹಂಚುವುದು ನಮ್ಮ ಪದ್ಧತಿ. ತಿಂದವರು ‘ದೇವರು ಅವನನ್ನು ಕ್ಷಮಿಸಲಿ’ ಅನ್ನಬೇಕು. ಆದರೆ ಹುಡುಗ ನೇಣು ಹಾಕಿಕೊಂಡಿದ್ದ. ಅಂಥವರಿಗೆ ಪ್ರಾರ್ಥನೆಯಿಲ್ಲವೆಂದು ಪಾದ್ರಿ ಬಾಗಿಲಲ್ಲೇ ಹೇಳಿ ಕಳಿಸಿದರು. ಊರೆಲ್ಲ ನೋಡುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

“ಫಿಲಿಪ್ಪಿಗೆ ಹೋಗೋಣ ನಡಿ,” ಅಂದಳು ಅಕ್ಕ. “ಆ ಪಾಳೂರಿನ ಹಳೇ ಚರ್ಚಿಗೆ ಬಾಗಿಲೂ ಇಲ್ಲ, ಪಾದ್ರಿನೂ ಇಲ್ಲ. ಯಾರು ತಡೀತಾರೋ ನೋಡ್ತೀನಿ.”

“ಕಲ್ಲುಗಳಿಗೆ ತಿನ್ನಿಸ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?” ಎಂದು ರೇಗುತ್ತಲೇ ಅವಳ ಹಿಂದೆ ಬಸ್ಸು ಹತ್ತಿದೆ.

ಸಂತ ಪೌಲನನ್ನು ಕೂಡಿಹಾಕಿದ್ದ ಸೆರೆಮನೆ ಅಂತ ತೋರಿಸುತ್ತಾರಲ್ಲ, ಅದರ ಮುಂದೆ ಪ್ರವಾಸಿಗಳು ಫೋಟೊ ತೆಗೆಯುತ್ತಿದ್ದರು. ಪಕ್ಕದ ಮುರುಕು ಚರ್ಚಿನ ನೆಲದ ಮೇಲೆ ಅಕ್ಕ ತಟ್ಟೆಯಿಟ್ಟು, ಕಂಡಕಂಡವರಿಗೆಲ್ಲ ಹಿಡಿಹಿಡಿ ಗೋಧಿ ಕೊಟ್ಟಳು. ಹೊರದೇಶದವರು ತಿಂದರು, ನಕ್ಕರು, ಚೆನ್ನಾಗಿದೆಯೆಂದು ಕೈಸನ್ನೆ ಮಾಡಿದರು. ‘ಕ್ಷಮಿಸಲಿ’ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅವರಿಗೇನು ಗೊತ್ತು, ಪಾಪ. ನಾನು ದೂರದ ಕಂಬಕ್ಕೆ ಒರಗಿ ನಿಂತಿದ್ದೆ.

ಕಾವಲುಗಾರ ಬಿರಬಿರನೆ ಬಂದ. “ಏನಮ್ಮಾ, ಇದೇನು ಸಂತೇನಾ? ಊಟ ಗೀಟ ಎಲ್ಲ ಗೇಟಿನಾಚೆ.” ಆಮೇಲೆ ನನ್ನತ್ತ ತಿರುಗಿದ. “ಇವರ ಜೊತೆ ಬಂದಿರೋದು ನೀವಾ?”

ಎಲ್ಲರೂ ನನ್ನನ್ನೇ ನೋಡಿದರು.

“ನಂಗೂ ಅವರಿಗೂ ಏನೂ ಸಂಬಂಧ ಇಲ್ಲ,” ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ತಟ್ಟೆ ಎತ್ತಲು ಬಗ್ಗಿದ ಕಾವಲುಗಾರ ಗೋಧಿ ಕಂಡು ಹಾಗೇ ನಿಂತ. ಟೋಪಿ ತೆಗೆದ. “ಯಾರಿಗಮ್ಮ ಇದು?”

“ಮಗನಿಗೆ.”

ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಶಿಲುಬೆಯ ಗುರುತು ಹಾಕಿ, “ದೇವರು ಅವನನ್ನ ಕ್ಷಮಿಸಲಿ” ಅಂದ. ಅಕ್ಕ ತಟ್ಟೆಯೆತ್ತಿಕೊಂಡು ನೇರ ನನ್ನ ಬಳಿ ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

“ನೀವೂ ತಗೊಳ್ಳಿ ತಾಯಿ,” ಅಂದಳು. “ಸಂಬಂಧ ಇಲ್ದಿದ್ರೂ ಪರವಾಗಿಲ್ಲ. ನನ್ನ ಮಗ. ಆರ್ಗಿರಿಸ್ ಅಂತ ಹೆಸರು.”

ಎರಡೂ ಕೈ ಒಡ್ಡಿದೆ. ಮುಖವೆತ್ತಲು ಆಗಲಿಲ್ಲ. ಗೋಧಿ ಬಾಯಿಗೆ ಹಾಕಿಕೊಂಡೆ. ಕೊನೆಗೂ ‘ದೇವರು ಅವನನ್ನು ಕ್ಷಮಿಸಲಿ’ ಅಂದೆ, ಕಾವಲುಗಾರನಿಗೂ ಕೇಳಿಸುವಷ್ಟು ಜೋರಾಗಿಯೇ ಅಂದೆ. ಅಷ್ಟರಲ್ಲಿ ಅಕ್ಕ ತಟ್ಟೆ ಹಿಡಿದು ಮುಂದಿನವರ ಬಳಿ ಹೋಗಿದ್ದಳು.