ಎನಿಡ್ ಅಪ್ಪಣೆ ಕೇಳಿದ ಕಾಲುದಾರಿ

೧.

ಹೇಗೆ ಶುರು ಮಾಡಲಿ? "ನೆದರ್ ಪೆಡ್ಲಿ ಎಂಬ ಸುಂದರ ಹಳ್ಳಿಯ ಸುತ್ತಮುತ್ತ ನೋಡತಕ್ಕ ಬಯಲು ತಾಣಗಳೂ ಚಾರಿತ್ರಿಕ ಸ್ಥಳಗಳೂ ಹಲವಾರಿವೆ" ಎಂದು ಶುರು ಮಾಡಬೇಕಂತೆ. ಹಾಗೆ ಹೇಳಿದವನು ನಮ್ಮ ಹಳ್ಳಿ ಸಮಿತಿಯ ಅಧ್ಯಕ್ಷ ಡೆಸ್ಮಂಡ್. ಪ್ರವಾಸಿಗರಿಗೆ ಹಂಚಲು ಒಂದು ಕರಪತ್ರ ಬರೆದುಕೊಡು ಎಂದು ನನ್ನ ಬಾಗಿಲಿಗೇ ಬಂದಿದ್ದ. ನಾನು ಕನ್ನಡನಾಡಿನಿಂದ ಇಂಗ್ಲೆಂಡಿನ ಈ ಊರಿಗೆ ಬಂದು, ನರ್ಸ್ ಆಗಿ ಮನೆಮನೆ ತಿರುಗಿ ಮುದುಕಿಯಾದವಳು. ಇಲ್ಲಿನ ಕಾಲುದಾರಿಗಳೂ ಗೊತ್ತು, ಅವುಗಳಲ್ಲಿ ನಡೆದ ಕಾಲುಗಳ ಆಣಿಗಳೂ ಗೊತ್ತು.

ಬರೆದೆ. ಹೊಂಡದ ಪಕ್ಕದ ಹಳೆಯ ಗಿರಣಿ ನೋಡಿ. ಗುಡ್ಡದ ಮೇಲಿನ ಮಣ್ಣಿನ ಕೋಟೆ ನೋಡಿ. ಕಟ್ಟಿದವರು ಯಾರೋ ತಿಳಿಯದು, ಕುರಿಗಳು ಮಾತ್ರ ತಮ್ಮದೇ ಎಂದುಕೊಂಡಿವೆ. ಚಾಪೆಲ್ ಎಂಬ ಪಾಳುಬಿದ್ದ ಪುಟ್ಟ ಚರ್ಚು ನೋಡಲು ಹೋಗಬೇಡಿ, ಏಕೆಂದರೆ ಆ ದಾರಿಗೆ ಒಬ್ಬ ಲಫಂಗ ಬೇಲಿ ಹಾಕಿದ್ದಾನೆ.

ಡೆಸ್ಮಂಡ್ ಓದಿ ಕೆಮ್ಮಿದ. "ಚೆನ್ನಾಗಿದೆ. ಆ ಕೊನೇ ಮಾತು ಮಾತ್ರ ಸ್ವಲ್ಪ ಖಾರ ಆಯ್ತೇನೋ ಅಂತ."

"ಲಫಂಗನ್ನ ಮತ್ತೇನಂತ ಬರೀಲಿ?"

"ಹೊಸ ಮಾಲೀಕರು ಅಂತ ಬರೀಬಹುದಲ್ಲ."

(ಆದ್ದರಿಂದಲೇ, ಓದುಗರೇ, ಕರಪತ್ರ ಬಿಟ್ಟು ಕನ್ನಡದಲ್ಲಿ ಕಥೆ ಬರೆಯುತ್ತಿದ್ದೇನೆ. ಇಲ್ಲಿನವರ ಭಾಷೆಯಲ್ಲಿ ಮೈ ಉರಿದರೂ "ಕೊಂಚ ನಿರಾಶೆಯಾಯಿತು" ಎನ್ನಬೇಕು. ನನಗೆ ನಿರಾಶೆಯಾಗಿಲ್ಲ. ಸಿಟ್ಟು ಬಂದಿದೆ.)

೨.

ಎರಡನೆಯ ಶುರು. ಕಥೆ ಎಂದ ಮೇಲೆ ನಾಯಕಿ ಬೇಕು. ಎನಿಡ್ ಪಾರ್ಜಿಟರ್, ನನ್ನ ಪಕ್ಕದ ಮನೆಯವಳು, ಎಂಬತ್ತು ದಾಟಿದವಳು. ಭಾನುವಾರ ಬಂತೆಂದರೆ ಬೂಟು ಮೆಟ್ಟಿ, ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಹೊಲದ ಕಾಲುದಾರಿ ಹಿಡಿದು ಚಾಪೆಲ್ಲಿಗೆ ಹೋಗುತ್ತಾಳೆ. ಹೋಗುತ್ತಿದ್ದಳು. ಅಲ್ಲಿ ಸೂರಿಲ್ಲದ ಗೋಡೆಗಳ ಪಕ್ಕ ಯೂ ಎಂಬ ಒಂದು ಹಳೆಯ ಮರ, ಅದರಡಿ ಅವಳ ಗಂಡ ಸಿರಿಲ್‌ನ ಹೆಸರು ಕೊರೆದ ಬೆಂಚು. ಅವನ ಬೂದಿಯನ್ನೂ ಆ ಮರದ ಬುಡಕ್ಕೇ ಹಾಕಿದ್ದಾಳೆ. ಇಲ್ಲಿಯವರು ಸತ್ತವರಿಗೆ ತಿಥಿ ಮಾಡುವುದಿಲ್ಲ, ಬೆಂಚು ಮಾಡಿಸುತ್ತಾರೆ.

ಅವಳು ಅಲ್ಲಿ ಕೂತು ಅಳುವುದಿಲ್ಲ. ಜಗಳ ಆಡುತ್ತಾಳೆ. "ಬದುಕಿದ್ದಾಗ್ಲೂ ತಿರುಗಿ ಮಾತಾಡ್ತಿರ್ಲಿಲ್ಲ, ಈಗ್ಲೂ ಆಡಲ್ಲ. ಕೇಳಿಸ್ಕೊಳ್ಳೋದ್ರಲ್ಲಿ ಮಾತ್ರ ಅವನನ್ನ ಮೀರಿಸೋರಿಲ್ಲ ಬಿಡು" ಎನ್ನುತ್ತಾಳೆ.

ಆ ಹೊಲ, ಚಾಪೆಲ್ಲಿನ ಸಮೇತ, ರೂಬೆನ್ ಸ್ಟೋಕ್ ಎಂಬ ರೈತನದಾಗಿತ್ತು. ಒಳ್ಳೆಯ ಮನುಷ್ಯ, ಹೋಗಿಬಿಟ್ಟ. ಅವನ ಅಣ್ಣನ ಮಗ ಮಾರಿದ, ಲಂಡನ್ನಿನ ಹ್ಯೂಗೋ ಲ್ಯಾಂಗ್‌ಡೇಲ್ ಕೊಂಡ. ಕೊಂಡ ವಾರವೇ ಗೇಟು, ಬೀಗ, "ಖಾಸಗಿ" ಎಂಬ ಬೋರ್ಡು. ಪಾಳು ಗೋಡೆಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ಮದುಮಕ್ಕಳಿಗೆ ಚಾಪೆಲ್ ಈಗ ಬಾಡಿಗೆಗಿದೆ. ನೂರಾರು ವರ್ಷ ದೇವರೂ ಕೇಳದ ಬಾಡಿಗೆಯನ್ನು ಇವನು ಕೇಳುತ್ತಾನೆ!

೩.

(ಇದು ವಿಚಾರಣೆಯ ಭಾಗ. ಬೇಸರವಾದೀತೆಂದು ಹಾರಿಸಬೇಡಿ, ಕಥೆಯ ಕತ್ತು ಮುರಿಯುವುದು ಇಲ್ಲೇ.)

ಈ ದೇಶದಲ್ಲಿ ಒಂದು ನಿಯಮವಿದೆ. ಜನ ಇಪ್ಪತ್ತು ವರ್ಷ ಬಿಡದೆ ನಡೆದ ದಾರಿ ಜನರದೇ ಆಗುತ್ತದೆ, ಮಾಲೀಕ ಯಾರೇ ಇರಲಿ. ನಾವು ನಡೆದದ್ದು ನಲವತ್ತಕ್ಕೂ ಹೆಚ್ಚು. ಗೆದ್ದೇ ಗೆಲ್ಲುತ್ತೇವೆಂದು ಅರ್ಜಿ ಹಾಕಿದೆವು. ಸರ್ಕಾರದ ಅಧಿಕಾರಿ ಬಂದು ಹಳ್ಳಿಯ ಸಭಾಂಗಣದಲ್ಲಿ ಕೂತರು. ಊರಿಗೆ ಊರೇ ಬಂದಿತ್ತು. ಲ್ಯಾಂಗ್‌ಡೇಲ್‌ನ ವಕೀಲೆ ಎದ್ದು, ಬೆಣ್ಣೆಯಲ್ಲಿ ಅದ್ದಿದ ದನಿಯಲ್ಲಿ ಎನಿಡ್‌ಳನ್ನು ಕೇಳಿದಳು.

"ಇಷ್ಟು ವರ್ಷ ನಡೆದ್ರಲ್ಲ, ಸ್ಟೋಕ್ ಅವರು ಯಾವತ್ತಾದ್ರೂ ಬೇಡ ಅಂದಿದ್ರಾ?"

"ಬೇಡ ಅನ್ನೋದಾ? ಪ್ರತಿ ಈಸ್ಟರಿಗೆ ಒಂದು ಜಾಡಿ ಕಿತ್ತಳೆ ಮಾರ್ಮಲೇಡ್ ತಗೊಂಡ್ಹೋಗಿ, ಈ ವರ್ಷಾನೂ ನಡೀಬಹುದಾ ರೂಬೆನ್ ಅಂತ ಕೇಳ್ತಿದ್ದೆ."

"ಅವರು?"

"ನಡಿಯಮ್ಮ, ಅದನ್ನೇನು ಕೇಳ್ತೀಯ ಅಂತಿದ್ದ. ಆದ್ರೂ ಕೇಳ್ಬೇಕಲ್ವಾ, ಇನ್ನೊಬ್ರ ಹೊಲ."

ಅಷ್ಟಕ್ಕೇ ನಿಂತಿದ್ದರೆ ಉಳಿಯುತ್ತಿದ್ದೆವೋ ಏನೋ. ಹಿಂದಿನ ಸಾಲಿನಿಂದ ಇನ್ನೊಬ್ಬಾಕೆ, "ನಾನೂ ಕೇಳ್ತಿದ್ದೆ, ಮೊಟ್ಟೆ ಕೊಟ್ಟು" ಎಂದಳು. ತನ್ನ ನಡತೆ ಕಡಿಮೆ ಎನಿಸಿಕೊಳ್ಳಲು ಯಾರಿಗಿಷ್ಟ? ಒಂದರ ಹಿಂದೊಂದು ಕೈ ಎದ್ದವು. ಡೆಸ್ಮಂಡ್ ಎದೆಯುಬ್ಬಿಸಿ, "ನಾನಂತೂ ಕ್ರಿಸ್‌ಮಸ್‌ಗೊಂದು ವಿಸ್ಕಿ ಬಾಟ್ಲಿ ಇಲ್ದೆ ಕೇಳ್ದವನೇ ಅಲ್ಲ" ಎಂದ.

ವಕೀಲೆ ನಸುನಕ್ಕು ಕೂತಳು. ಏಕೆಂದರೆ ಆ ನಿಯಮಕ್ಕೊಂದು ಬಾಲವಿದೆ. ಅಪ್ಪಣೆ ಕೇಳಿ ನಡೆದ ನಡಿಗೆ ಲೆಕ್ಕಕ್ಕಿಲ್ಲ. ಕೇಳಿದರೆ ಅದು ಮಾಲೀಕನ ದಯೆ, ಕೇಳದಿದ್ದರೆ ಮಾತ್ರ ಜನರ ಹಕ್ಕು.

ಸೋತೆವು. ಒಂದು ಊರು ತನ್ನ ಒಳ್ಳೆಯತನವನ್ನೇ ಸಾಕ್ಷಿ ಹೇಳಿ ಸೋತಿತು.

೪.

ಇಲ್ಲಿ ಕಥೆ ನಿಲ್ಲಿಸಿ ಸ್ವಲ್ಪ ಕೂಗಾಡುತ್ತೇನೆ. ಕಥೆಗಾರ್ತಿ ಹೀಗೆ ನಡುವೆ ಬಾಯಿ ಹಾಕಬಾರದು ಎನ್ನುವ ವಿಮರ್ಶಕರು ಹೊರಗೆ ಹೋಗಿ ಚಹಾ ಕುಡಿದು ಬರಲಿ.

ಇದೆಂಥ ನ್ಯಾಯ ಸ್ವಾಮಿ? "ಇದು ಯಾರಪ್ಪಂದಾದ್ರೆ ನನಗೇನು" ಎಂದು ರೂಬೆನ್‌ನ ಮುಖದೆದುರೇ ಹೊಲ ತುಳಿದು ಹೋಗಿದ್ದರೆ ದಾರಿ ನಮ್ಮದಾಗುತ್ತಿತ್ತು. ಬಾಗಿಲು ತಟ್ಟಿ, ಜಾಡಿ ಕೊಟ್ಟು, ದಯವಿಟ್ಟು ಎಂದದ್ದಕ್ಕೆ ದಾರಿ ಹೋಯಿತು. ಮಾತೆತ್ತಿದರೆ ಪ್ಲೀಸ್, ತಿರುಗಿದರೆ ಸಾರಿ ಎಂದು ಮಕ್ಕಳಿಗೆ ಹಾಲಿನ ಜೊತೆ ಕುಡಿಸುವವರು ಇವರೇ, ಹಾಗೆಂದವರನ್ನು ಬೀದಿಗೆ ತಳ್ಳುವ ನಿಯಮ ಇಟ್ಟುಕೊಂಡವರೂ ಇವರೇ. ನಮ್ಮಲ್ಲಿ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ರೂಬೆನ್ ಕೊಟ್ಟಿದ್ದೇ ತಪ್ಪಾಯಿತು. ಥೂ.

ಸರಿ, ಚಹಾ ಕುಡಿದವರು ಒಳಗೆ ಬನ್ನಿ.

೫.

ನಾನು ಕಥೆ ಬರೆಯುವವಳಲ್ಲವೇ? ತಿದ್ದಬಹುದಲ್ಲ? ಮೂರನೆಯ ಭಾಗದಿಂದ ಮಾರ್ಮಲೇಡ್ ತೆಗೆದುಹಾಕಿದೆ. ಹೊಸ ಕರಡಿನಲ್ಲಿ ಎನಿಡ್ ತಲೆಯೆತ್ತಿ, "ನಾನು ಯಾರನ್ನೂ ಕೇಳಿಲ್ಲ" ಎನ್ನುತ್ತಾಳೆ. ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಗೇಟು ಕಿತ್ತುಬೀಳುತ್ತದೆ.

ಅದನ್ನು ಅವಳಿಗೇ ಓದಿ ಹೇಳಿದೆ, ಇಂಗ್ಲಿಷಿಗೆ ತಿರುಗಿಸಿ, ನನ್ನ ಅಡುಗೆಮನೆಯಲ್ಲಿ. ಅವಳು ಕಪ್ಪು ಕೆಳಗಿಟ್ಟಳು.

"ಇದ್ಯಾರು ಇವಳು?"

"ನೀನೇ."

"ನಾನಲ್ಲ. ನಾನು ಕೇಳಿದ್ದೆ. ನನ್ನ ಬಾಯಲ್ಲಿ ಸುಳ್ಳು ಹಾಕ್ಬೇಡ ಕಣೇ."

"ಸುಳ್ಳಲ್ಲ, ಕಥೆ. ಹೀಗೆ ಬರೆದ್ರೆ ದಾರಿ ಸಿಗುತ್ತೆ."

"ಸುಳ್ಳು ಹೇಳಿ ಹೋಗಿ ಕೂತ್ರೆ ಸಿರಿಲ್ ಮುಖ ತಿರುಗಿಸ್ಕೋತಾನೆ. ಮೊದಲು ಅಳಿಸು. ಜಾಡೀನ ವಾಪಸ್ ಇಡು."

ಪಾತ್ರಗಳು ಹೇಳಿದಂತೆ ಕೇಳುವ ಕಾಲ ಹೋಯಿತು. ಜಾಡಿ ವಾಪಸ್ ಇಟ್ಟಿದ್ದೇನೆ, ಮೇಲೆ ನೋಡಿ.

೭.

(ಆರನೆಯದನ್ನು ಹರಿದುಹಾಕಿದೆ. ಅದರಲ್ಲಿ ಲ್ಯಾಂಗ್‌ಡೇಲ್ ಹೊಂಡಕ್ಕೆ ಬೀಳುತ್ತಿದ್ದ. ಬರೆಯುವಾಗ ಬಹಳ ಸುಖವಾಯಿತು, ಆದರೆ ಅವನು ಬೀಳಲಿಲ್ಲವಲ್ಲ, ಏನು ಮಾಡಲಿ.)

ನಿಜವಾಗಿ ಆದದ್ದು ಇಷ್ಟು. ಮೊನ್ನೆ ಅವನ ಕಾರು ಎನಿಡ್‌ಳ ಮನೆಮುಂದೆ ನಿಂತಿತು. ನಾವಿಬ್ಬರೂ ಗುಲಾಬಿ ಗಿಡ ಕತ್ತರಿಸುತ್ತಿದ್ದೆವು. ಅವನು ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ.

"ಎನಿಡ್ ಅವರೇ, ನಾನೇನು ರಾಕ್ಷಸ ಅಲ್ಲ ನೋಡಿ. ನಿಮ್ಮೊಬ್ಬರಿಗೆ ಯಾವಾಗ್ಲೂ ಪರ್ಮಿಷನ್ ಇದೆ. ಒಂದು ಫೋನ್ ಹಾಕಿ, ಮದುವೆ ಇಲ್ಲದ ಭಾನುವಾರ ಯಾವುದು ಅಂತ ನೋಡಿ ಹೇಳ್ತೀನಿ."

"ಥ್ಯಾಂಕ್ಯೂ" ಎಂದಳು ಎನಿಡ್. "ತುಂಬಾ ಉಪಕಾರ ಆಯ್ತು."

ಕಾರು ಹೋಯಿತು. ಅವಳು ಕತ್ತರಿ ಹಿಡಿದು ಹಾಗೇ ನಿಂತಳು. ಕೆನ್ನೆ ಕೆಂಪಗಾಯಿತು. ಬಿ.ಪಿ. ಏರಿತೋ ಎಂದು ನನ್ನೊಳಗಿನ ನರ್ಸ್ ಗಾಬರಿಯಾದಳು.

"ಅವನಿಗೆ ಥ್ಯಾಂಕ್ಯೂ ಅಂದ್ಬಿಟ್ಟೆ ಕಣೇ," ಎಂದಳು. "ನನ್ನ ಗಂಡನ್ನ ನೋಡೋಕೆ ಬಾ ಅಂತ ಆ ನನ್ಮಗ ಅಪ್ಪಣೆ ಕೊಟ್ಟ. ನಾನು ಉಪಕಾರ ಆಯ್ತು ಅಂದೆ."

ಅವಳ ಬಾಯಲ್ಲಿ ಬೈಗುಳ ಕೇಳಿದ್ದು ನಾನು ಅದೇ ಮೊದಲು.

೮.

ಮುಕ್ತಾಯಗಳನ್ನು ನೋಡೋಣ.

ಅ) ಎನಿಡ್ ಫೋನ್ ಮಾಡುತ್ತಾಳೆ, ಲ್ಯಾಂಗ್‌ಡೇಲ್ ಹೇಳಿದ ಭಾನುವಾರ ಹೋಗಿಬರುತ್ತಾಳೆ. ಡೆಸ್ಮಂಡ್‌ಗೆ ಇದೇ ಇಷ್ಟ. ಕರಪತ್ರಕ್ಕೂ ಚೆನ್ನಾಗಿ ಹೊಂದುತ್ತದೆ.

ಆ) ಮೇಲ್ಮನವಿ, ಅಲ್ಲೂ ಜಾಡಿ, ಅಲ್ಲೂ ಸೋಲು.

ಇ) ಎನಿಡ್ ಮನೆಯಲ್ಲೇ ಉಳಿಯುತ್ತಾಳೆ, ಒಂದು ಚಳಿಗಾಲದಲ್ಲಿ ತೀರಿಕೊಳ್ಳುತ್ತಾಳೆ, ನೀವೆಲ್ಲ ಕಣ್ಣೊರೆಸಿಕೊಳ್ಳುತ್ತೀರಿ. ಒಲ್ಲೆ. ನಿಮ್ಮ ಕಣ್ಣೀರಿಗೋಸ್ಕರ ಅವಳನ್ನು ಕೊಲ್ಲಲಾರೆ.

ಇವತ್ತು ಭಾನುವಾರ. ನಾವಿಬ್ಬರೂ ಗೇಟಿನ ಮುಂದೆ ಇದ್ದೇವೆ. ಕರಪತ್ರದ ಹಾಳೆಯ ಹಿಂಬದಿಯಲ್ಲಿ, ಬೇಲಿಕಂಬಕ್ಕೆ ಒತ್ತಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆ ಕಡೆ ಬಿಳಿ ಡೇರೆ, ಬ್ಯಾಂಡು, ಟೋಪಿ ಹಾಕಿಕೊಂಡ ಹೆಂಗಸರು. ಎನಿಡ್ ಸ್ಯಾಂಡ್‌ವಿಚ್ ಪೊಟ್ಟಣವನ್ನು ಕೋಟಿನ ಜೇಬಿಗೆ ತುರುಕಿ ಗೇಟಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟಿದ್ದಾಳೆ.

"ಗೇಟು ಹಾರಿ ಹೋದ್ರೆ ಅದೂ ಲೆಕ್ಕಕ್ಕಿಲ್ಲ ಎನಿಡ್. ಬಲವಂತದ ನಡಿಗೆ ಅಂತಾರೆ, ಹಕ್ಕು ಸಿಗಲ್ಲ."

"ಲೆಕ್ಕಕ್ಕೆ ಯಾರು ಹೋಗ್ತಿದಾರೆ? ನಾನು ಸಿರಿಲ್ ಹತ್ರ ಹೋಗ್ತಿದೀನಿ."

ಲ್ಯಾಂಗ್‌ಡೇಲ್ ನೋಡಿಬಿಟ್ಟ. ಕೋಟಿಗೆ ಹೂ ಸಿಕ್ಕಿಸಿಕೊಂಡು ಹುಲ್ಲಿನ ಮೇಲೆ ಓಡಿ ಬರುತ್ತಿದ್ದಾನೆ. "ಎನಿಡ್ ಅವರೇ! ನೀವು ಫೋನೇ ಮಾಡ್ಲಿಲ್ಲವಲ್ಲ!"

"ಇಲ್ಲ," ಎಂದು ಕೂಗುತ್ತಾಳೆ ಇವಳು. "ಮಾಡೋದೂ ಇಲ್ಲ!" ಒಂದು ಕಾಲು ಆ ಕಡೆ ಹೋಯಿತು. ಇನ್ನೊಂದು ಈ ಕಡೆಯೇ ಇದೆ. ಲಂಗ ಮೊಳೆಗೆ ಸಿಕ್ಕಿಕೊಂಡಿದೆ.

ಬೆಂಚು ತಲುಪಿದಳೋ, ಪೊಲೀಸರು ಬಂದರೋ, ಮದುವೆ ನಿಂತಿತೋ ಎಂದು ನೀವು ಕೇಳುತ್ತೀರಿ. ನನಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ, ಏಕೆಂದರೆ

"ಏಯ್, ಅಲ್ಲೇ ಬರೀತಾ ನಿಂತಿರ್ತೀಯೋ, ಇಲ್ಲಿ ಬಂದು ನನ್ನ ಎತ್ತೀಯೋ?"

ಎತ್ತಲು ಎರಡೂ ಕೈ ಬೇಕು. ಪೆನ್ನು ಕೆಳಗಿಡುತ್ತಿದ್ದೇನೆ.