ಎಡಕ್ಕೆ ನಡೆದ ಹಂಸಗಳು

ನಾನು ಎರಡು ಕಣ್ಣುಗಳ ಒಂದು ಕ್ಯಾಮೆರಾ. ಹಿಮ ಬೀಳುವ ದೇಶದ ಕಾರ್ಖಾನೆಯೊಂದರಲ್ಲಿ ಬಿಳಿಯ ಕೈಗವಸು ತೊಟ್ಟ ಹೆಣ್ಣುಮಕ್ಕಳು ನನ್ನನ್ನು ಜೋಡಿಸಿದರು. ನನ್ನ ಕೆಳಗಣ್ಣು ಚಿತ್ರವನ್ನು ಫಿಲ್ಮಿನ ಮೇಲೆ ಬರೆಯುತ್ತದೆ. ಮೇಲ್ಗಣ್ಣು ಅದನ್ನು ಒಡೆಯನಿಗೆ ಮುಂಚಿತವಾಗಿ ತೋರಿಸುತ್ತದೆ. ಮೇಲ್ಗಣ್ಣಿನ ಹಿಂದೆ ಓರೆಯಾಗಿ ಒಂದು ಕನ್ನಡಿಯಿದೆ. ನನ್ನನ್ನು ಎದೆಯ ಮಟ್ಟಕ್ಕೆ ಹಿಡಿದು ತಲೆ ಬಾಗಿಸಿದವರಿಗೆ ನನ್ನ ನೆತ್ತಿಯ ಗಾಜಿನಲ್ಲಿ ಲೋಕ ಕಾಣುತ್ತದೆ. ಆದರೆ ಎಡವು ಬಲವಾಗಿ, ಬಲವು ಎಡವಾಗಿ. ಫಿಲ್ಮಿನಲ್ಲಿ ಆ ವ್ಯತ್ಯಾಸವಿರುವುದಿಲ್ಲ, ನೆತ್ತಿಯ ಗಾಜಿನಲ್ಲಿ ಮಾತ್ರ. ಅದು ನನ್ನ ಹುಟ್ಟುಗುಣ.

ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಆರು ವರ್ಷ ವಧೂವರರ ಮುಖಗಳನ್ನು ಕಂಡೆ. ಸ್ಟುಡಿಯೋ ಮುಚ್ಚಿದಾಗ ಗದಗಿನ ಚಿತ್ರಕಲಾ ಶಿಕ್ಷಕರಾದ ಗುರುಲಿಂಗಪ್ಪ ಹಂಚಿನಾಳರು ನನ್ನನ್ನು ಕೊಂಡರು. ಒಡೆಯರನ್ನು ಕೆಳಗಿನಿಂದ ನೋಡುವುದೇ ನನ್ನ ಪಾಲು. ಮಾಸ್ತರರ ಗದ್ದ ಚೂಪಾಗಿತ್ತು. ಏನನ್ನಾದರೂ ಮೆಚ್ಚಿದಾಗ ಅದು ಸ್ವಲ್ಪ ನಡುಗುತ್ತಿತ್ತು.

ಅವರು ಮನುಷ್ಯರ ಚಿತ್ರ ತೆಗೆಯಲಿಲ್ಲ. ಬತ್ತಿದ ಕೆರೆಯ ನೆಲದ ಬಿರುಕು, ಮೆಕ್ಕೆತೆನೆಯ ಕಾಳಿನ ಸಾಲು, ಬಸವನಹುಳುವಿನ ಸುರುಳಿ, ಬೆತ್ತದ ಕುರ್ಚಿಯ ಹೆಣಿಗೆ, ಕಾಳು ತುಂಬುವ ನೆಲದ ಹಗೇವಿನ ಬಾಯಿಗೆ ಒಟ್ಟಿದ ಕಲ್ಲುಗಳು: ಎಲ್ಲಿ ಒಂದು ಆಕಾರವು ಮತ್ತೆ ಮತ್ತೆ ಬರುತ್ತದೆಯೋ ಅಲ್ಲಿ ಅವರು ಮಂಡಿಯೂರುತ್ತಿದ್ದರು. ದೇವರ ಕೈಯೂ ಕುಶಲಿಯ ಕೈಯೂ ಒಂದೇ ಲೆಕ್ಕದಲ್ಲಿ ನಡೆಯುತ್ತವೆ ಎಂಬುದು ಅವರ ನಂಬಿಕೆ. ಒಮ್ಮೆ ಅವರು ಹಾಗಲಕಾಯಿಯ ಮುಂದೆ ಅರ್ಧ ತಾಸು ಕುಳಿತಿದ್ದಾಗ ಅವರ ಮಡದಿ ನೀಲವ್ವ ಬಾಗಿಲಿಗೆ ಬಂದು ಹೇಳಿದರು: “ಮದುವ್ಯಾಗಿ ಹದಿನೆಂಟು ವರ್ಷ ಆತು. ಹಾಗಲಕಾಯಿಗೆ ಬಂದ ಭಾಗ್ಯ ನನ್ನ ಮಾರಿಗೆ ಬರಲಿಲ್ಲ ನೋಡ್ರಿ.”

ಸಮೀಪದ ಹಳ್ಳಿಯ ಗುಡಿಯಲ್ಲೊಂದು ಜಾಲಂಧ್ರವಿತ್ತು. ಬೆಳಕಿಗಾಗಿ ತೂತು ಕೊರೆದ ಕಲ್ಲಿನ ಕಿಟಕಿ. ಬಳ್ಳಿಯ ನಡುವೆ ಸಾಲುಸಾಲಾಗಿ ಹಂಸಗಳು. ಮಾಸ್ತರರು ಅದರ ಚಿತ್ರವನ್ನು ಒಂದೇ ಸಲ ತೆಗೆದರು. ಆದರೆ ಅದಕ್ಕೆ ಮೊದಲು ಇಡೀ ಒಂದು ಮುಂಜಾನೆ ನನ್ನ ಗಾಜಿನಲ್ಲಿಯೇ ಅದನ್ನು ನೋಡುತ್ತ ನಿಂತರು.

ಇಪ್ಪತ್ತೇಳು ವರ್ಷಗಳ ಮೇಲೆ, ಗುಡಿಗೆ ಸುಣ್ಣ ಬಳಿಯುವಾಗ ಅಟ್ಟಣೆ ಕುಸಿದು ಜಾಲಂಧ್ರ ಪುಡಿಯಾಯಿತು. ಊರ ಪಂಚರು ಮಾಸ್ತರರಲ್ಲಿಗೆ ಬಂದರು. ಅದರ ಚಿತ್ರ ಬೇರೆಲ್ಲಿಯೂ ಇರಲಿಲ್ಲ. ಹಳೆಯ ಫಿಲ್ಮಿನಿಂದ ಮಾಸ್ತರರು ಒಂದು ಪ್ರತಿಯನ್ನು ತೆಗೆದರು. ಅದನ್ನು ನೋಡಿ ತಲೆಯಲ್ಲಾಡಿಸಿದರು. ತಿರುವುಮುರುವಾಗಿದೆ ಎಂದುಕೊಂಡು, ಫಿಲ್ಮನ್ನು ಮಗುಚಿ ಹಾಕಿ ಇನ್ನೊಂದು ಪ್ರತಿ ತೆಗೆದರು. ಅದರಲ್ಲಿ ಹಂಸಗಳು ಎಡಕ್ಕೆ ನಡೆದಿದ್ದವು. ಅವರ ಗದ್ದ ನಡುಗಿತು. ಗೋಡೆಯ ಮಾಡದಲ್ಲಿ ಕುಳಿತಿದ್ದ ನಾನು ಬಲ್ಲೆ: ಮೊದಲಿನ ಪ್ರತಿಯೇ ಸರಿ. ಆದರೆ ನನಗೆ ಕಣ್ಣೆರಡಿದ್ದರೂ ಬಾಯಿಲ್ಲ.

ಆ ಎರಡನೆಯ ಪ್ರತಿಯನ್ನು ನೋಡಿ ಶಿಲ್ಪಿ ಮೌನಪ್ಪ ಹೊಸ ಜಾಲಂಧ್ರವನ್ನು ನಾಲ್ಕು ತಿಂಗಳು ಕೆತ್ತಿದ. ಕೆಲಸ ಮುಗಿಯುವ ಹೊತ್ತಿಗೆ, ಗುಡಿಯ ಹಿಂದಿನ ಮಣ್ಣಿನಲ್ಲಿ ಅವನಿಗೆ ಅಂಗೈಯಗಲದ ಹಳೆಯ ತುಂಡೊಂದು ಸಿಕ್ಕಿತು. ಅದರ ಮೇಲೆ ಎರಡು ಹಂಸಗಳು ಬಲಕ್ಕೆ ನಡೆದಿದ್ದವು. ಗುಡಿಯ ಕಟ್ಟೆಯ ಮೇಲೆ ಪಂಚರ ಎದುರಿಗೆ ಅವನು ಅದನ್ನು ಮಾಸ್ತರರ ಮುಂದಿಟ್ಟು, ಚಿತ್ರವೇ ಹಿಂದುಮುಂದಾಗಿರಬಹುದೆಂದು ಮೆಲ್ಲಗೆ ಹೇಳಿದ.

“ಒಡದದ್ದು ಕಲ್ಲು, ಮೌನಪ್ಪ. ನನ್ನ ಕಣ್ಣಲ್ಲ,” ಎಂದರು ಮಾಸ್ತರರು.

ಪಂಚರು ಮಾಸ್ತರರನ್ನೇ ನಂಬಿದರು. ಕೆಲಸ ತಡವಾದುದಕ್ಕೆ ನೆವ ಬೇಕಾಗಿ ಮೌನಪ್ಪ ತಾನೇ ಈ ತುಂಡನ್ನು ಕೆತ್ತಿ ತಂದಿದ್ದಾನೆ ಎಂದು ಒಬ್ಬರು ಆಡಿದರು. ಇಂಥವನಿಗೆ ಇನ್ನು ಯಾವ ಗುಡಿಯ ಕೆಲಸವನ್ನೂ ಕೊಡಬಾರದೆಂದು ಇನ್ನೊಬ್ಬರು. ಮೂರು ತಲೆಮಾರಿನ ಉಳಿಯ ಹೆಸರು ಅಂದು ಆ ಕಟ್ಟೆಯ ಮೇಲೆ ಹೋಗುವುದರಲ್ಲಿತ್ತು. ಪರೀಕ್ಷಿಸಿ ತೋರಿಸುತ್ತೇನೆಂದು ಮಾಸ್ತರರು ತುಂಡನ್ನು ಮನೆಗೆ ತಂದರು.

ಮರುದಿನ ಬೆಳಿಗ್ಗೆ ಅದನ್ನು ಅಂಗಳದ ಕಟ್ಟೆಯ ಮೇಲಿಟ್ಟು, ಹಳೆಯ ಅಭ್ಯಾಸದಂತೆ ನನ್ನನ್ನು ಎದೆಗೆ ಹಿಡಿದು ತಲೆ ಬಾಗಿಸಿದರು. ನನ್ನ ಗಾಜಿನಲ್ಲಿ ಹಂಸಗಳು ಎಡಕ್ಕೆ ನಡೆದವು. ಅವರು ಗೆದ್ದವರಂತೆ ನೀಲವ್ವನನ್ನು ಕರೆದು ತೋರಿಸಿದರು.

ನೀಲವ್ವ ಗಾಜಿನಲ್ಲಿ ನೋಡಿದರು. ಬಳಿಕ ತಲೆಯೆತ್ತಿ ಕಟ್ಟೆಯತ್ತ ನೋಡಿದರು.

“ಅಲ್ರೀ, ಕಲ್ಲು ಇಲ್ಲೇ ಐತಲ್ಲ. ಡಬ್ಬಿಯೊಳಗ ಯಾಕ ನೋಡಬೇಕು?”

ಮಾಸ್ತರರು ತಲೆಯೆತ್ತಿದರು. ಗಾಜು ಎಡಬಲಗಳನ್ನು ಅದಲುಬದಲು ಮಾಡುತ್ತದೆಂದು ನೂರಾರು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವರು ಅವರು. ಬುದ್ಧಿ ಅದನ್ನು ಬಲ್ಲದು, ನೆನಪು ಅರಿಯದಾಗಿತ್ತು. ಇಪ್ಪತ್ತೇಳು ವರ್ಷ ಅವರು ನೆನೆದದ್ದು ಗುಡಿಯ ಕಿಟಕಿಯನ್ನಲ್ಲ, ನಾನು ತೋರಿಸಿದ ಕಿಟಕಿಯನ್ನು.

ಅಂದೇ ಅವರು ಹಳ್ಳಿಗೆ ಹೋದರು. ನಾನು ಅವರ ಹೆಗಲಿನಲ್ಲಿದ್ದೆ. ಪಂಚರನ್ನು ಕೂಡಿಸಿ, ನಿಂತುಕೊಂಡೇ ಹೇಳಿದರು: “ತಪ್ಪು ನಂದು. ಫಿಲ್ಮು ಖರೆ ಹೇಳಿತ್ತು, ನಾನ ಅದನ್ನ ಮಗುಚಿ ಹಾಕಿದೆ. ಮೌನಪ್ಪಗ ನೀವು ಅಂದ ಮಾತು ನನಗ ಅನ್ರಿ.”

ಎಡಕ್ಕೆ ಕೆತ್ತಿ ಹಾಳಾದ ಹೊಸ ಕಲ್ಲನ್ನು ಮಾಸ್ತರರು ನೋಡಲಾರದೆ ನಿಂತರು. ಮೌನಪ್ಪ ಅದರ ತೂತುಗಳಲ್ಲಿ ಬೆರಳಾಡಿಸಿ, “ಕೂಡ್ರಿ ಸರ,” ಎಂದ. “ಆರಪಾರ ಕೊರದ ಕಲ್ಲಿಗೆ ಬೆನ್ನಿಲ್ಲ. ತಿರುವಿ ನಿಲ್ಲಸ್ತೀನಿ.”

ಕೆತ್ತಿದ ಮುಖ ಒಳಗಾಯಿತು. ಬರಿದಾಗಿದ್ದ ಹಿಂಬದಿಯ ಮೇಲೆ ಅವನು ಮತ್ತೆ ಮೂರು ತಿಂಗಳು ರೆಕ್ಕೆ ಪುಕ್ಕಗಳನ್ನು ಬಿಡಿಸಿದ. ಈಗ ಹೊರಗಿನಿಂದ ನೋಡುವವರಿಗೆ ಹಂಸಗಳು ಬಲಕ್ಕೆ ನಡೆಯುತ್ತವೆ. ಮೊದಲಿನ ನಾಲ್ಕು ತಿಂಗಳ ಕೆತ್ತನೆ ಒಳಗಿನ ಕತ್ತಲೆಯ ಪಾಲಾಯಿತು. ಮಾಸ್ತರರು ಒಳಗೆ ಹೋಗಿ ಆ ಮುಖದ ಚಿತ್ರವೊಂದನ್ನು ತೆಗೆದರು. ತಮ್ಮ ಚಿತ್ರಗಳ ಸಂಗ್ರಹದ ಕೊನೆಯ ಹಾಳೆಗೆ ಅದನ್ನು ಅಂಟಿಸಿ, ಕೆಳಗೆ ಹೀಗೆ ಬರೆದರು: “ಕೆತ್ತನೆ ಮೌನಪ್ಪನದು. ತಪ್ಪು ನನ್ನದು.”

ಅದೇ ನಾನು ತೆಗೆದ ಕೊನೆಯ ಚಿತ್ರ. ಮಾಸ್ತರರು ಈಗಿಲ್ಲ. ನಾನು ಅವರ ಕಪಾಟಿನಲ್ಲಿದ್ದೇನೆ. ನನ್ನ ಕಣ್ಣುಗಳಿಗೆ ಬೂಜು ಹಿಡಿದಿದೆ, ಗುಂಡಿ ಒತ್ತಿದರೆ ಒಳಗೇನೂ ಅಲುಗುವುದಿಲ್ಲ. ನಾನು ಅವರಿಗೆ ಸುಳ್ಳು ಹೇಳಿದೆನೆ ಎಂದು ಬಹಳ ದಿನ ಯೋಚಿಸಿದ್ದೇನೆ. ಇಲ್ಲ, ನನ್ನನ್ನು ಮಾಡಿದ ಹಾಗೆ ನಾನು ತೋರಿಸಿದೆ. ಆದರೆ ಅಷ್ಟೊಂದು ಪ್ರೀತಿಯಿಂದ ನೋಡುವವರಿಗೆ ಅದು ಸಾಲದು. ವರ್ಷಕ್ಕೊಮ್ಮೆ ಮೌನಪ್ಪ ಬಂದು ಆ ಸಂಗ್ರಹವನ್ನು ಕೇಳಿ ತೆಗೆಸುತ್ತಾನೆ. ಬೇರೆ ಹಾಳೆಗಳನ್ನು ಅವನು ತೆರೆಯುವುದಿಲ್ಲ. ಕೊನೆಯದನ್ನು ತೆರೆದು, ಎರಡನೆಯ ವಾಕ್ಯವನ್ನು ಹೆಬ್ಬೆರಳಿನಿಂದ ಮರೆಮಾಡಿ, ಸ್ವಲ್ಪ ಹೊತ್ತು ಚಿತ್ರವನ್ನು ನೋಡಿ ಹೋಗುತ್ತಾನೆ.