ಜಬ್ಬಣಿಗೆಗೆ ಇಬ್ಬರು ಸಾಕ್ಷಿ

ಕನ್ನಡದಲ್ಲಿ ಒಂದು ಪದ ಇದೆಯೋ ಇಲ್ಲವೋ ಎಂಬ ಗುರುತರವಾದ ಪ್ರಶ್ನೆ, ಸೋಮವಾರ ಬೆಳಿಗ್ಗೆ ಏಳೂ ಹತ್ತಕ್ಕೆ, ಹೆಬ್ಬೂರಿನಲ್ಲಿ ತುಮಕೂರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಶಿಲ್ಪಾಳ ಮೊಬೈಲಿಗೆ ಬಂದು ತಲುಪಿತು. ಕಳಿಸಿದವರು ಮೊಬೈಲಿನ ಪದದಾಟವೊಂದರ ಕಂಪನಿಯವರು. ಶಿಲ್ಪಾ ಬ್ರೌಸರಿನಲ್ಲಿ ಆಡುವಂತೆ ಮಾಡಿಟ್ಟಿರುವ ಆಟದ ಪದಪಟ್ಟಿ ತಮ್ಮಿಂದ ಕದ್ದದ್ದೆಂದೂ, ಅದಕ್ಕೆ 'ಜಬ್ಬಣಿಗೆ' ಎಂಬ ಪದವೇ ಪುರಾವೆಯೆಂದೂ ಅವರು ಬರೆದಿದ್ದರು. ಅಂಥ ಪದ ಕನ್ನಡದಲ್ಲೇ ಇಲ್ಲ. ಕಳ್ಳರನ್ನು ಹಿಡಿಯಲೆಂದು ಮೂರು ವರ್ಷದ ಹಿಂದೆ ತಾವೇ ಹೊಸೆದು ಪಟ್ಟಿಯೊಳಗೆ ಹುದುಗಿಸಿಟ್ಟದ್ದು ಅದು. ಶುಕ್ರವಾರದೊಳಗೆ ಪದವನ್ನು ತೆಗೆದು, ಪಟ್ಟಿ ನಕಲೆಂದು ಒಪ್ಪಿ ಬಹಿರಂಗವಾಗಿ ಕ್ಷಮೆ ಕೇಳಬೇಕು. ಇಲ್ಲವಾದರೆ ಆಟವನ್ನೇ ಇಂಟರ್ನೆಟ್ಟಿನಿಂದ ಇಳಿಸಲು ಕ್ರಮ ಕೈಗೊಳ್ಳಲಾಗುವುದು.

"ಮೇಡಂ, ಹಿಂಗ್ ಜಬ್ಬಣಿಗೆ ಹಾಕ್ಕೊಂಡು ನಿಂತ್ರೆ ಹಿಂದ್ಗಡೆಯವ್ರು ಹೆಂಗ್ ಹತ್ತೋದು?" ಎಂದ ಕಂಡಕ್ಟರ್ ಗಂಗರಾಜು. "ಒಳಿಕ್ ನಡೀರಿ."

ಶಿಲ್ಪಾ ಒಳಗೆ ನಡೆದಳು. ಕುಳಿತ ಮೇಲೆ ಪತ್ರವನ್ನು ಇನ್ನೊಮ್ಮೆ ಓದಿ, ಗಂಗರಾಜುವಿನ ಬೆನ್ನನ್ನು ಬಹಳ ಹೊತ್ತು ನೋಡಿದಳು.

ಈ ಆಟ ಹುಟ್ಟಿದ್ದು ಅತ್ತೆ ಹೊಂಬಾಳಮ್ಮನ ದೆಸೆಯಿಂದ. ಮೂವತ್ತೆಂಟನೆಯ ವಯಸ್ಸಿಗೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತ ಹೊಂಬಾಳಮ್ಮ, ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನದವಳಲ್ಲ. ಎರಡು ಹೊತ್ತೂ ಡೇರಿಯ ಸಾಲಿನಲ್ಲಿ ಹಾಲಿನ ಕ್ಯಾನು ಕಾಲ ಸಂದಿಯಲ್ಲಿಟ್ಟುಕೊಂಡು ಕಂಪನಿಯ ಆಟ ಆಡುತ್ತಿದ್ದಳು. ಹೋದ ವರ್ಷ ಒಂದು ದಿನ ಆಟ ತೆರೆಯಲಿಲ್ಲ. 'ನಿಮ್ಮ ಸಾಧನವನ್ನು ಇನ್ನು ಮುಂದೆ ಬೆಂಬಲಿಸಲಾಗುವುದಿಲ್ಲ' ಎಂದಿತು.

"ಸಾಧನ ಅಂದ್ರೆ ನಾನೋ ಫೋನೋ?" ಎಂದು ಸೊಸೆಯನ್ನು ಕೇಳಿದಳು.

ಗುಬ್ಬಿಯ ಪಾಲಿಟೆಕ್ನಿಕ್ಕೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಶಿಲ್ಪಾ ಆ ಬೇಸಿಗೆ ರಜೆಯಲ್ಲಿ ಕೂತು, ಎಂಥ ಹಳೆಯ ಫೋನಿನ ಬ್ರೌಸರಿನಲ್ಲೂ ಓಡುವ ಆಟವೊಂದನ್ನು ಮೊದಲಿಂದ ಬರೆದಳು. ಬರೆದದ್ದನ್ನೆಲ್ಲ ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಒಯ್ಯಲಿ ಎಂದು ತೆರೆದಿಟ್ಟಳು. ಪದಗಳನ್ನು ಮಾತ್ರ ಜನರಿಂದಲೇ ಕೂಡಿಸಬೇಕಿತ್ತು. ಯಾವ ಪದ ಸೈ, ಯಾವುದು ಅಲ್ಲ ಎಂಬ ತಕರಾರಿಗೆ ಅತ್ತೆ ಡೇರಿಯ ಪದ್ಧತಿಯನ್ನೇ ಹೇಳಿದಳು. ಟೆಸ್ಟರ್ ಚಿಕ್ಕಬೋರಯ್ಯ ಹಾಲಿಗೆ ಅಳತೆಯ ಕೊಳವೆ ಇಳಿಬಿಟ್ಟಾಗ ಹಾಲು ತಂದವಳ ಜೊತೆಗೆ ಬೇರೆ ಊರಿನವಳೊಬ್ಬಳು ಬಗ್ಗಿ ನೋಡಿ ಅಂಕಿ ಹೇಳಬೇಕು. ಅನುಮಾನದಿಂದಲ್ಲ, ರೂಢಿ. ಹಾಗೆಯೇ ಎರಡು ಊರಿನ, ನಂಟರಲ್ಲದ ಇಬ್ಬರು 'ನಾವು ಹೀಗೆ ಅಂತೀವಿ' ಎಂದರೆ ಪದ ಒಳಕ್ಕೆ. ಏಳು ಸಾವಿರದ ಇನ್ನೂರ ಹದಿಮೂರು ಪದಗಳು ಹೀಗೆ ಬಂದಿದ್ದವು. ಪ್ರತಿಯೊಂದರ ಮುಂದೆಯೂ ಎರಡು ಹೆಸರು, ಎರಡು ಊರು, ತಾರೀಕು.

ಜಬ್ಬಣಿಗೆಯ ಮುಂದೆ ಇದ್ದದ್ದು: ಹೊಂಬಾಳಮ್ಮ, ಹೆಬ್ಬೂರು. ಗಂಗರಾಜು, ಅಮೃತೂರು.

ಕಾಲೇಜಿನಲ್ಲಿ ಸಹೋದ್ಯೋಗಿ ಸಿದ್ಧಾರ್ಥ್ ಪತ್ರ ಓದಿ ಚೇರನ್ನು ಹಿಂದಕ್ಕೆ ವಾಲಿಸಿದ. "ಒಂದ್ ಪದ ತಾನೇ? ಡಿಲೀಟ್ ಮಾಡು, ಸಾರಿ ಅಂತ ಎರಡ್ ಲೈನ್ ಹಾಕು. ಸಾರಿ ಅನ್ನೋಕೆ ಏನ್ ಗಂಟು ಹೋಗುತ್ತೆ?"

"ನಕಲು ಅಂತ ಒಪ್ಕೋಬೇಕಂತೆ. ಏಳು ಸಾವಿರ ಪದ ಕೊಟ್ಟೋರನ್ನೆಲ್ಲಾ ಕಳ್ಳರು ಅಂದಂಗಾಯ್ತಲ್ಲ."

"ಅವ್ರೇನು ಓದ್ತಾರಾ ಅದನ್ನ?"

"ನಮ್ಮತ್ತೆ ಓದ್ತಾರೆ" ಎಂದಳು ಶಿಲ್ಪಾ.

ತುಮಕೂರಿನ ನಿವೃತ್ತ ಕನ್ನಡ ಮೇಷ್ಟ್ರು ಸೀತಾರಾಮಯ್ಯನವರು ಪಟ್ಟಿಗೆ ಅರ್ಥ ಬರೆದುಕೊಡುವವರು. ಶಿಲ್ಪಾ ಅವರಿಗೆ ಫೋನಿನಲ್ಲಿ ವಿಷಯ ಹೇಳಿದಳು. ಜಬ್ಬಣಿಗೆಗೆ ಹಳಗನ್ನಡದ ಬೇರು ಇರಬಹುದೆಂದು ಅರ್ಧ ಪುಟ ಟಿಪ್ಪಣಿ ಬರೆದವರು ಅವರೇ. ಯಾವ ನಿಘಂಟಿನಲ್ಲೂ ಸಿಗದಿದ್ದಕ್ಕೇ ಅದು ಬಹಳ ಪ್ರಾಚೀನವೆಂದು ನಂಬಿದ್ದರು.

"ನನ್ನ ಟಿಪ್ಪಣಿ ಯಾರಾದ್ರೂ ನೋಡಿದಾರೇನಮ್ಮ?"

"ಎಲ್ರಿಗೂ ಕಾಣುತ್ತೆ ಸರ್. ತೆರೆದಿಟ್ಟಿರೋದು."

"ತೆರೆದಿಡೋದ್ರಲ್ಲಿ ಇದೊಂದು ತಾಪತ್ರಯ" ಎಂದು ಅವರು ಫೋನಿಟ್ಟರು.

ಸಂಜೆ ಬಸ್ಸಿಳಿದವಳೇ ಶಿಲ್ಪಾ ಡೇರಿಗೆ ಹೋದಳು. ಅತ್ತೆ ಸಾಲಿನಲ್ಲಿ ಐದನೆಯವಳು. ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಚಿಕ್ಕಬೋರಯ್ಯ ಕೂತಿದ್ದ.

"ಅತ್ತೆ, ಜಬ್ಬಣಿಗೆ ಅನ್ನೋದು ನಿಮಗೆ ಎಲ್ಲಿ ಸಿಕ್ತು?"

"ಆಟದಾಗೆ" ಎಂದಳು ಹೊಂಬಾಳಮ್ಮ, ತಕ್ಷಣ. "ಆ ಕಂಪ್ನಿ ಆಟ. ಏನೂ ತೋಚ್ದೆ ಸುಮ್ಕೆ ಬೆರಳು ಎಳ್ದೆ. ನಲವತ್ ಪಾಯಿಂಟ್ ಕೊಡ್ತು. ಏನಂದ್ರೆ ಏನು ಅಂತ ಇಲ್ಲೆಲ್ಲಾ ಕೇಳ್ದೆ. ಒಬ್ರಿಗೂ ಗೊತ್ತಿಲ್ಲ, ಒಬ್ರೂ ಗೊತ್ತಿಲ್ಲ ಅನ್ನಲಿಲ್ಲ."

"ಮತ್ತೆ?"

"ನಲವತ್ ಪಾಯಿಂಟ್ ಪದ, ಸುಮ್ನೆ ಬುಡೋಕಾಯ್ತದಾ? ಇವ್ನು ನೋಡು, ದಿನಾ ಬಾಗ್ಲಿಗೆ ಅಡ್ಡ. ಒಳಿಕ್ಕೂ ಇಲ್ಲ, ಹೊರಿಕ್ಕೂ ಇಲ್ಲ. ಇವ್ನಿಗೆ ಕೊಟ್ಟೆ."

"ಕೇಳ್ತಾ ಐತೆ ಕಣಮ್ಮೋ" ಎಂದ ಚಿಕ್ಕಬೋರಯ್ಯ, ಸ್ಟೂಲು ಬಿಟ್ಟೇಳದೆ.

ಶಿಲ್ಪಾ ಪತ್ರ ಓದಿ ಹೇಳಿದಳು. ಹಾಗಾದರೆ ಒಂದು ಪದವಾದರೂ ಅವರದೇ. ಇಷ್ಟು ದಿನ ನಾನು ಯಾರಿಂದಲೂ ಏನೂ ತಗೊಂಡಿಲ್ಲ ಅಂತ ತಲೆ ಎತ್ತಿಕೊಂಡು ಓಡಾಡುತ್ತಿದ್ದೆ ಎಂದಳು.

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಹೊಂಬಾಳಮ್ಮ ಕ್ಯಾನನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದಳು.

"ಅವ್ರು ಅದಕ್ಕೆ ಅರ್ಥ ಇಟ್ಟಿದ್ರಾ?"

"ಇಲ್ಲ. ಅರ್ಥ ಇಲ್ಲದ್ದೇ ಅವ್ರಿಗೆ ಬೇಕಾಗಿತ್ತು."

"ನಮ್ಮತ್ರ ಐತೆ. ಅದನ್ನೇ ಬರಿ. ಎಲ್ಲಿ ಸಿಕ್ತು ಅನ್ನೋದೂ ಬರಿ, ಮುಚ್ಚಿಡ್ಬ್ಯಾಡ. ಕ್ಷಮೆ ಗಿಮೆ ಬರೀಬ್ಯಾಡ. ನನ್ ಹೆಸ್ರು ಐತೆ ಅಲ್ಲಿ, ಅದು ನಾನೇ ಬರ್ದಿದ್ದು."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಶಿಲ್ಪಾ ಗಂಗರಾಜುವನ್ನು ಕೇಳಿದಳು. ಅಮೃತೂರಿನಿಂದ ಕುಣಿಗಲ್ ಮೇಲೆ ತುಮಕೂರಿಗೆ ದಿನವೂ ಎರಡು ಸಲ ಹೋಗಿ ಬರುವ ಬಸ್ಸು. ಡೇರಿಯ ಹೆಂಗಸರು ಸಂತೆಗೂ ಆಸ್ಪತ್ರೆಗೂ ಹತ್ತುವುದು ಅದನ್ನೇ.

"ಜಬ್ಬಣಿಗೆ ಅನ್ನೋದು ಎಲ್ಲಿ ಕಲಿತ್ರಿ?"

"ಕಲಿಯಾದೇನ್ ಬಂತು ಮೇಡಂ? ನಮ್ಮಜ್ಜಿ ಅಂತಿತ್ತು."

"ಆ ಪದ ಹುಟ್ಟಿ ಮೂರು ವರ್ಷ ಆಯ್ತಂತೆ."

"ಯಾವನಂದಿದ್ದು?" ಗಂಗರಾಜು ಟಿಕೆಟ್ ಮಷೀನನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಕುಣಿಗಲ್ ಸ್ಟ್ಯಾಂಡ್‌ನಾಗೆ ಬಂದು ಕೇಳ್ಲಿ. ಡ್ರೈವರ್‌ಗಳೆಲ್ಲಾ ಅಂತಾರೆ. ನಮ್ಮಜ್ಜಿನ ಸುಳ್ಳಿ ಅಂತಾನಾ ಅವ್ನು?"

ಅಜ್ಜಿಯ ವಿಷಯವನ್ನು ಶಿಲ್ಪಾ ಬರೆದುಕೊಳ್ಳಲಿಲ್ಲ. ಕುಣಿಗಲ್ ಸ್ಟ್ಯಾಂಡಿನದನ್ನು ಬರೆದುಕೊಂಡಳು. ಬುಧವಾರ ಸ್ವತಃ ಹೋಗಿ ಒಂದು ಗಂಟೆ ನಿಂತಳು. ಮೂವರ ಬಾಯಲ್ಲಿ ಕೇಳಿದಳು, ಅದರಲ್ಲಿ ಒಂದು ಅವಳಿಗೇ ಹೇಳಿದ್ದು.

ಗುರುವಾರ ಉತ್ತರ ಹೋಯಿತು. ಅದರ ಪ್ರತಿಯನ್ನು ಆಟದ ಮೊದಲ ಪುಟದಲ್ಲೇ ಹಾಕಿದಳು. ಕ್ಷಮೆ ಇರಲಿಲ್ಲ. ಏಳು ಸಾವಿರದ ಇನ್ನೂರ ಹದಿಮೂರು ಪದಗಳಿಗೂ ಸಾಕ್ಷಿಗಳಿದ್ದಾರೆ, ಹೆಸರು ಊರು ಸಹಿತ, ತಾವು ನೋಡಿಕೊಳ್ಳಬಹುದು. ಜಬ್ಬಣಿಗೆಯ ಅಕ್ಷರಗಳು ಸಿಕ್ಕಿದ್ದು ನಿಮ್ಮ ಆಟದಲ್ಲಿ, ಅರ್ಥ ಹೆಬ್ಬೂರಿನದು. ಕುಣಿಗಲ್ ಬಸ್ ಸ್ಟ್ಯಾಂಡಿನ ಮೂವರ ಹೆಸರನ್ನೂ ಈಗ ಸೇರಿಸಲಾಗಿದೆ. ಪದವನ್ನು ತೆಗೆಯುವುದಿಲ್ಲ. ಆಟವನ್ನು ಇಳಿಸಿದರೆ ಇನ್ನೊಂದು ಕಡೆ ಏರಿಸುತ್ತೇವೆ. ಈಗಾಗಲೇ ಮೂವತ್ತೊಂದು ಜನ ಪ್ರತಿ ಇಳಿಸಿಕೊಂಡಿದ್ದಾರೆ.

ಸೀತಾರಾಮಯ್ಯನವರು ತಮ್ಮ ಹಳೆಯ ಟಿಪ್ಪಣಿಯ ಕೆಳಗೆ 'ಮೇಲಿನದು ತಪ್ಪು' ಎಂದು ಸೇರಿಸಿ, ಹೊಸ ಅರ್ಥ ಬರೆದು ಕಳಿಸಿದರು: 'ಜಬ್ಬಣಿಗೆ (ನಾ.) – ತಾನೂ ಹೋಗದೆ, ಪರರನ್ನೂ ಹೋಗಗೊಡದೆ ದಾರಿಯಲ್ಲಿ ನಿಲ್ಲುವಿಕೆ.' ಉದಾಹರಣೆಯ ವಾಕ್ಯದಲ್ಲಿ ಕಂಪನಿಯ ಹೆಸರು ಬರೆದಿದ್ದರು. ಶಿಲ್ಪಾ ಅದನ್ನು ತೆಗೆದು ಚಿಕ್ಕಬೋರಯ್ಯನ ಹೆಸರು ಹಾಕಿದಳು. ಅವನ ಒಪ್ಪಿಗೆ ಕೇಳಿದ್ದಳು. ಫೋಟೋನೂ ಹಾಕ್ತೀರಾ ಎಂದು ಅವನು ವಿಚಾರಿಸಿದ್ದ.

ಶುಕ್ರವಾರ ಬಂತು, ಹೋಯಿತು. ಹೊಂಬಾಳಮ್ಮ ಎಂದಿನಂತೆ ಕ್ಯಾನು ಕಾಲ ಸಂದಿಯಲ್ಲಿಟ್ಟುಕೊಂಡು ಬಗ್ಗಿ ಆಡುತ್ತಿದ್ದಳು. ಆಟ ಇಳಿದಿರಲಿಲ್ಲ.

ಹದಿನೇಳು ದಿನದ ಮೇಲೆ ಕಂಪನಿ ತನ್ನ ಪಟ್ಟಿಯಿಂದ ಜಬ್ಬಣಿಗೆಯನ್ನು ತೆಗೆದುಹಾಕಿತು. ಶಿಲ್ಪಾಳ ಪಟ್ಟಿಯಲ್ಲಿ ಅದು ಇದೆ, ನಲವತ್ತೆರಡು ಪಾಯಿಂಟಿಗೆ.